ಹೆಸರು ಹೇಳದ ಸಹೋದರ

ಸಭೆಯವರೆಲ್ಲ ಅವಳನ್ನು ಪಾಸ್ಟರಮ್ಮ ಅನ್ನುತ್ತಿದ್ದರು. ಅವಳಿಗೊಂದು ಸ್ವಂತ ಹೆಸರಿತ್ತೆಂಬುದು ಗಂಡನಿಗಾದರೂ ನೆನಪಿತ್ತೋ ಇಲ್ಲವೋ! ಪ್ರಾರ್ಥನಾ ಮಂದಿರದ ಹಿಂದಿನ ಗೋಡೆಗೆ ಅಂಟಿಕೊಂಡ ಎರಡು ಕೋಣೆಯ ಮನೆ ಅವರದು. ಅವರದು ಅಂದೆನೇ? ತಪ್ಪಾಯಿತು, ಸಭೆಯದು. ಬಾಗಿಲು ತಟ್ಟಿ ಬರಬೇಕೆಂದು ಯಾರಿಗೂ ಅನಿಸುತ್ತಿರಲಿಲ್ಲ. ಪಾಸ್ಟರಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರೂ ಸರಿ, ಸೀದಾ ಅಡುಗೆಮನೆಗೇ ಬಂದು ಸೊಸೆಯ ಮೇಲೆ ದೂರು ಶುರುಮಾಡುತ್ತಿದ್ದರು.

ಪಾಸ್ಟರು ಸೋತುಹೋಗಿದ್ದರು. ಮಗಳಿಗೆ ಜ್ವರ ನೆತ್ತಿಗೇರಿ ಆಸ್ಪತ್ರೆ ಸೇರಿಸಿದ ವಾರ, ಇನ್ನೊಂದು ಆಸ್ಪತ್ರೆಯಲ್ಲಿದ್ದ ಸಭೆಯ ಅಜ್ಜಿಯೊಬ್ಬರನ್ನು ನೋಡಲು ಅವರಿಗೆ ಆಗಿರಲಿಲ್ಲ. ಮಗಳು ವಾಸಿಯಾಗಿ ಮನೆಗೆ ಬಂದಳು, ಅಜ್ಜಿ ತೀರಿಕೊಂಡರು. "ದುಡ್ಡಿರೋರ ಮನೆಗಾದ್ರೆ ಓಡ್ತಿದ್ರು" ಎಂದು ಮಣ್ಣು ಮಾಡುವಾಗಲೇ ಯಾರೋ ಅಂದರು. ಆ ಮಾತು ಅವರ ಎದೆಯಲ್ಲಿ ನಾಟಿಕೊಂಡಿತು. ಅಲ್ಲಿಂದ ಮುಂದೆ ಬೆಳಗಾದರೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಅಳುತ್ತಿದ್ದರು. ನೀರಿನ ಸದ್ದಿಗೆ ಯಾರಿಗೂ ಕೇಳಿಸದು ಎಂದುಕೊಂಡಿದ್ದರು, ಪಾಪ.

ಅವಳಿಗೆ ಬೇಕಾಗಿದ್ದು ಒಂದೇ: ಗಂಡನಿಗೆ ಒಂದು ತಿಂಗಳ ಬಿಡುವು. ಆದರೆ ಕೇಳುವುದು ಹೇಗೆ? ಪಾಸ್ಟರಿಗೇ ಕೈಲಾಗುತ್ತಿಲ್ಲ ಅಂತ ಗೊತ್ತಾದರೆ ಸಭೆಯ ಆಡಳಿತ ನೋಡುವ ಹಿರಿಯರು ಬೇರೊಬ್ಬರನ್ನು ಹುಡುಕುತ್ತಾರೆ. ಕೆಲಸವೂ ಹೋಗುತ್ತದೆ, ಸೂರೂ ಹೋಗುತ್ತದೆ. ಯಾರ ಹತ್ತಿರವಾದರೂ ಹೇಳಿಕೊಂಡು ಅಳೋಣವೆಂದರೆ, ಊರಿನವರೆಲ್ಲ ಕಷ್ಟ ಹೇಳಿಕೊಳ್ಳಲು ಬರುವುದೇ ಅವಳ ಗಂಡನ ಹತ್ತಿರ. ಅವಳು ಯಾರ ಹತ್ತಿರ ಹೋಗಬೇಕು?

ಹೆಂಗಸರ ಪ್ರಾರ್ಥನಾ ಕೂಟದಲ್ಲಿ ಒಂದು ಅನುಕೂಲವಿತ್ತು. ಹೆಸರು ಹೇಳಲು ಸಂಕೋಚವಾದರೆ 'ಒಬ್ಬ ಸಹೋದರಿ', 'ಒಬ್ಬ ಸಹೋದರ' ಎಂದರೆ ಸಾಕು, ಎಲ್ಲರೂ ಕಣ್ಣುಮುಚ್ಚಿ ಪ್ರಾರ್ಥಿಸುತ್ತಿದ್ದರು. ಒಂದು ವಾರ ಪಾಸ್ಟರಮ್ಮ ಗಟ್ಟಿಮನಸ್ಸು ಮಾಡಿ ಬಾಯಿಬಿಟ್ಟಳು.

"ಒಬ್ಬ ಸಹೋದರ ಇದ್ದಾರೆ. ಆಫೀಸಿಗೆ ಹೋಗೋರು. ತುಂಬಾ ದಣಿದುಬಿಟ್ಟಿದ್ದಾರೆ. ಊಟ ಸೇರಲ್ಲ, ನಿದ್ದೆ ಇಲ್ಲ."

"ಅಯ್ಯೋ ಪಾಪ!" ಎಂದಳು ಮೈಕಮ್ಮ. ಹಿರಿಯರ ಹೆಂಡತಿ ಅವಳು. ಅವಳು ಪ್ರಾರ್ಥಿಸಲು ನಿಂತರೆ ಮೈಕು ಬೇಕಾಗುತ್ತಿರಲಿಲ್ಲ, ಅದಕ್ಕೇ ಆ ಹೆಸರು. "ನಮ್ಮ ಪಾಸ್ಟರ್ ಹತ್ರ ಕಳ್ಸಿ ಅಮ್ಮ. ಅವರು ತಲೆ ಮೇಲೆ ಕೈ ಇಟ್ರೆ ಎಲ್ಲಾ ಸರಿಹೋಗುತ್ತೆ."

ಪಾಸ್ಟರಮ್ಮ ತಲೆಯಾಡಿಸಿದಳು. ಇನ್ನೇನು ಮಾಡಿಯಾಳು?

ಮುಂದಿನ ವಾರ ಮೈಕಮ್ಮ ಬಿಡಲಿಲ್ಲ. "ಆ ಸಹೋದರ ಹೇಗಿದ್ದಾರೆ?" ಸದ್ಯ ಆಕೆ ಬಾಯಿ ಮುಚ್ಚಿದರೆ ಸಾಕೆಂದು ಇವಳು "ಈಗ ವಾಸಿ" ಅಂದುಬಿಟ್ಟಳು. ಅಷ್ಟು ಸಿಕ್ಕಿದ್ದೇ ತಡ, ಭಾನುವಾರ ಮೈಕಮ್ಮ ಎದ್ದುನಿಂತು ಸಾಕ್ಷಿ ಹೇಳಿಯೇಬಿಟ್ಟಳು: ಪಾಸ್ಟರು ಕೈಯಿಟ್ಟರು, ದಣಿದವನು ಎದ್ದು ಕೂತ! ಸಭೆ "ಸ್ತೋತ್ರ!" ಎಂದಿತು. ದಣಿದವರಿಗಾಗಿ ಇನ್ನು ಪ್ರತಿ ಶನಿವಾರ ಸಂಜೆ ಪಾಸ್ಟರು ವಿಶೇಷ ಪ್ರಾರ್ಥನೆ ನಡೆಸುತ್ತಾರೆಂದು ಹಿರಿಯರು ನಿಂತ ನಿಲುವಿನಲ್ಲೇ ಸಾರಿದರು. ಪಾಸ್ಟರು "ಆಗಲಿ" ಅಂದರು. ಅವರು ಯಾವತ್ತು ಇಲ್ಲ ಅಂದಿದ್ದರು!

ಮನೆಗೆ ಬಂದು ತಟ್ಟೆಯ ಮುಂದೆ ಕೂತವರು ತುತ್ತು ಎತ್ತಲಿಲ್ಲ.

"ನಾನು ಯಾರ ಮೇಲೂ ಕೈ ಇಟ್ಟಿಲ್ವಲ್ಲ. ಯಾರೇ ಆ ಸಹೋದರ?"

"ನಿಮಗೆ ಗೊತ್ತಿಲ್ಲದೋರು."

"ನಿಜವಾಗ್ಲೂ ವಾಸಿ ಆಯ್ತಾ?" ಅವರು ತಟ್ಟೆ ಆಚೆ ಸರಿಸಿದರು. "ವಾಸಿ ಆಗೋಕೆ ಏನು ಮಾಡಿದ್ರಂತೆ? ಕೇಳಿ ಹೇಳೇ."

ಅವಳು ಪಲ್ಯ ತರುವ ನೆಪದಲ್ಲಿ ಒಳಗೆ ಹೋಗಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಮನೆ ಹೋದರೆ ಹಾಳಾಗಿ ಹೋಗಲಿ ಎಂದು ಅಲ್ಲೇ ನಿಶ್ಚಯ ಮಾಡಿದಳು.

ಶನಿವಾರ ಮಂದಿರ ಕಿಕ್ಕಿರಿದಿತ್ತು. ಹಾಡು ಮುಗಿದದ್ದೇ ಪಾಸ್ಟರಮ್ಮ ಎದ್ದಳು.

"ಆ ಸಹೋದರನಿಗೆ ವಾಸಿಯಾಗಿಲ್ಲ. ನಾನು ಸುಳ್ಳು ಹೇಳ್ದೆ. ಆ ಸಹೋದರ ಇವರೇ, ನನ್ನ ಯಜಮಾನ್ರು. ಇವರಿಗೆ ಒಂದು ತಿಂಗಳು ರಜೆ ಕೊಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಪಾಸ್ಟರು ಅವಳನ್ನೇ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಸಿಕ್ಕಿಬಿದ್ದ ಮಗುವಿನ ನಾಚಿಕೆಯಿತ್ತು. ಹಿರಿಯರು ಎದ್ದು ಮುಂದೆ ಬಂದರು. ಕೆಟ್ಟವರೇನಲ್ಲ ಅವರು, ಕಣ್ಣು ಕೂಡ ಒದ್ದೆಯಾಗಿತ್ತು.

"ಮೊದ್ಲೇ ಹೇಳ್ಬಾರ್ದಿತ್ತಾ ಅಮ್ಮ? ರಜೆ ಯಾಕೆ, ಈಗ್ಲೇ ಪ್ರಾರ್ಥನೆ ಮಾಡ್ಬಿಡೋಣ. ಎಲ್ರೂ ಎದ್ದು ನಿಲ್ಲಿ. ಪಾಸ್ಟರೇ, ನೀವೇ ನಡೆಸಿಕೊಡಿ."

ಇದರಲ್ಲಿ ಏನಾದರೂ ವಿಚಿತ್ರವಿದೆ ಅಂತ ಒಬ್ಬರಿಗೂ ಅನಿಸಲಿಲ್ಲ. "ಬೇಡ, ಕೂತ್ಕೊಳ್ಳಿ" ಎಂದು ಪಾಸ್ಟರಮ್ಮ ಗಂಡನ ತೋಳು ಹಿಡಿದಳು. ಅವರು ಮೆಲ್ಲಗೆ ಬಿಡಿಸಿಕೊಂಡು ಕಣ್ಣು ಮುಚ್ಚಿದರು. "ಕರ್ತನೇ, ದಣಿದ ಈ ಸಹೋದರನನ್ನ ನೋಡು" ಎಂದು ಶುರುಮಾಡಿದರು. ಧ್ವನಿ ಒಂದು ಕಡೆಯೂ ಒಡೆಯಲಿಲ್ಲ, ಒಂದು ಮಾತೂ ತಡವರಿಸಲಿಲ್ಲ. ಇಡೀ ಮಂದಿರದಲ್ಲಿ ಕಣ್ಣು ತೆರೆದು ನಿಂತವಳು ಪಾಸ್ಟರಮ್ಮ ಒಬ್ಬಳೇ.

ಎಲ್ಲರೂ ಆಮೆನ್ ಅಂದರು. ಮೈಕಮ್ಮ ಕಣ್ಣೊರೆಸಿಕೊಳ್ಳುತ್ತ ಬಂದಳು.

"ಎಷ್ಟು ಚೆನ್ನಾಗಿ ಪ್ರಾರ್ಥನೆ ಮಾಡಿದ್ರಿ ಪಾಸ್ಟರೇ! ಬರೋ ಶನಿವಾರ ನಮ್ಮ ಭಾವನ್ನೂ ಕರ್ಕೊಂಡು ಬರ್ತೀನಿ."