ತೇಯಲು ಬಾರದ ಗುಳಿಗೆ

ಕಳೆದ ವಾರ ಲ್ಯಾಬಿನ ಮೇಜಿನ ಮೇಲೆ ತೇಯುವ ಕಲ್ಲಿಟ್ಟು ನಾಲ್ಕು ಹನಿ ನೀರು ಬಿಟ್ಟೆ. ವರ್ಷಗಳಿಂದ ಒಣಗಿ ಬಿದ್ದಿದ್ದ ಕಲ್ಲು. ನೀರು ತಾಗಿದ್ದೇ ತಡ, ಬಜೆಯ ವಾಸನೆ ಎದ್ದು ಬಂತು... ಪಕ್ಕದ ಮೇಜಿನ ಹುಡುಗಿ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಶೆಟಗೇರಿಯ ನಮ್ಮ ಆಚೆಮನೆ ಆಯಿ ಬಂದು ಹತ್ತಿರವೇ ಕಾಲು ಚಾಚಿ ಕೂತ ಹಾಗಾಯಿತು.

ನಾನು ದಿನವೂ ಕಾರವಾರದಿಂದ ಗಡಿ ದಾಟಿ ಗೋವೆಯ ಒಂದು ಔಷಧ ಕಂಪನಿಗೆ ಹೋಗುತ್ತೇನೆ. ಜೋರು ನೋವಿಗೆ ಕೊಡುವ ಗುಳಿಗೆಯನ್ನು ಕೆಲವರು ಪುಡಿ ಮಾಡಿ ನಶೆಗೆ ಬಳಸುತ್ತಾರಲ್ಲ, ಹಾಗೆ ಪುಡಿಯಾಗದ ಗುಳಿಗೆ ಮಾಡುವುದು ನಮ್ಮ ವಿಭಾಗದ ಕೆಲಸ. ಉಳಿದವರು ಅದನ್ನು ಕಟ್ಟುತ್ತಾರೆ, ನಾನು ಕೆಡಿಸಲು ನೋಡುತ್ತೇನೆ. ಸುತ್ತಿಗೆ, ಚಾಕು, ಮಿಕ್ಸರ್ ಎಲ್ಲ ಆಗಿತ್ತು. ಕೆಡಿಸುವುದಕ್ಕೂ ಸಂಬಳ ಸಿಗುವುದು ನಿನಗೊಬ್ಬಳಿಗೇ ಎಂದು ಮನೆಯಲ್ಲಿ ನಗುತ್ತಾರೆ. ಆದರೆ ಪರೀಕ್ಷೆಗಳ ಪಟ್ಟಿಯಲ್ಲಿ ತೇಯುವ ಕಲ್ಲು ಇರಲಿಲ್ಲ. ಪಟ್ಟಿ ಮಾಡಿದವರ ಆಚೆಮನೆಯಲ್ಲಿ ಆಯಿ ಇರಲಿಲ್ಲ, ಅಷ್ಟೆ.

ಆಯಿ ನಮ್ಮೂರಿನ ಅರ್ಧ ಮಕ್ಕಳಿಗೆ ಮದ್ದು ತೇಯ್ದವಳು. ಬಜೆ ಎರಡು ಸುತ್ತು, ಜಾಯಿಕಾಯಿ ಒಂದು, ಅಳಲೆಕಾಯಿ ಮೂರು... ತಾಯಿಯ ಹಾಲಿನಲ್ಲಿ ತೇಯ್ದು ಬೆರಳ ತುದಿಯಿಂದ ನಾಲಿಗೆಗೆ ಹಚ್ಚಿದರೆ ಎಂಥ ಹಟಮಾರಿ ಕೂಸೂ ಸುಮ್ಮನಾಗುತ್ತಿತ್ತು. ಅವಳ ಕೈಗುಣವೇ ಹಾಗೆ ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅವಳ ಮುಂದೆ ನಡೆಯುತ್ತಿರಲಿಲ್ಲ. ಅಂಕೋಲೆ ಪೇಟೆಯಿಂದಲೂ ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದರು.

ಅವಳಿಗೆ ಒಬ್ಬನೇ ಮಗ. ನಾನು ಅಣ್ಣ ಎನ್ನುತ್ತಿದ್ದೆ. ಕದ್ರಾ ಕಡೆ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದವನು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಆಪರೇಶನ್ ಆದ ಮೇಲೆ ಡಾಕ್ಟರು ಬರೆದುಕೊಟ್ಟದ್ದು ಹೊಟ್ಟೆಯಲ್ಲಿ ಹನ್ನೆರಡು ತಾಸು ನಿಧಾನವಾಗಿ ಕರಗುವ ಗುಳಿಗೆ. ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅಣ್ಣ ಹೇಳಿದ. ಆಯಿ ತನಗೆ ಗೊತ್ತಿದ್ದನ್ನೇ ಮಾಡಿದಳು. ಜೇನಿನಲ್ಲಿ ತೇಯ್ದು ನೆಕ್ಕಿಸಿದಳು.

ಆಗ ನಾನು ಫಾರ್ಮಸಿ ಓದುತ್ತಿದ್ದೆ. ರಜೆಯಲ್ಲಿ ಬಂದಾಗ ಕಲ್ಲಿನ ಮೇಲೆ ಆ ಬಿಳಿ ಗುಳಿಗೆ ಕಂಡೆ.

"ಆಯಿ, ಇದನ್ನ ತೇಯೂಕಾಗ. ಇಡೀ ನುಂಗ್ಬೇಕು ಹೇಳಿ ಬರ್ದದೆ," ಎಂದೆ.

ಆಯಿ ಕೈ ನಿಲ್ಲಿಸಲಿಲ್ಲ. "ನಿನ್ನ ಹೊಟ್ಟೆನೋವು ಇಳ್ದದ್ದೂ ಇದೇ ಕಲ್ಲ ಮೇಲೆ, ತಂಗೀ. ಈಗ ನಂಗೇ ತೇಯೂಕೆ ಕಲಿಸ್ತ್ಯೇ? ನೋಡು, ಅವ ಹೇಂಗೆ ಮಲಗ್ದ."

ಅಣ್ಣ ನಿಜವಾಗಿಯೂ ಕೂಸಿನ ಹಾಗೆ ಮಲಗಿದ್ದ. ನಾನೂ ನಕ್ಕು, ಅವಳು ಕೊಟ್ಟ ಕೋಕಂ ಶರಬತ್ತು ಕುಡಿದು ಮನೆಗೆ ಬಂದೆ. ಹನ್ನೆರಡು ತಾಸಿಗೆಂದು ಕಟ್ಟಿದ ಮದ್ದು ತೇಯ್ದರೆ ಒಮ್ಮೆಲೇ ಮೈಗೇರುತ್ತದೆ ಎಂದು ಬಿಡಿಸಿ ಹೇಳಬೇಕಿತ್ತು... ಹೇಳಲಿಲ್ಲ.

ಅಣ್ಣನಿಗೆ ಆ ನಿದ್ದೆಯ ರುಚಿ ಹತ್ತಿತು. ದಿನಕ್ಕೆ ಎರಡಿದ್ದದ್ದು ನಾಲ್ಕಾಯಿತು. ಡಾಕ್ಟರು ಬರೆಯುವುದು ನಿಲ್ಲಿಸಿದ ಮೇಲೆ ಕಾರವಾರಕ್ಕೆ ಹೋಗಿ ಯಾರಿಂದಲೋ ತರುತ್ತಿದ್ದ. ಮಗನ ನೋವು ಹೆಚ್ಚಾಗಿದೆ ಎಂದೇ ಆಯಿ ತಿಳಿದಿದ್ದಳು, ತೇಯುತ್ತಲೇ ಇದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅಣ್ಣ ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ದಿನ ಆಯಿ ನನ್ನನ್ನು ಕೈಹಿಡಿದು ಹಿತ್ತಲಿಗೆ ಕರೆದೊಯ್ದಳು.

"ನೀ ಓದ್ದವಳು. ಸುಳ್ಳು ಹೇಳ್ಬೇಡ. ನಾ ತೇಯ್ದದ್ದಕ್ಕೇ ಹೀಂಗಾಯ್ತೇನೆ?"

"ಇಲ್ಲ ಆಯಿ," ಎಂದೆ. ಅವಳು ನನ್ನ ಮುಖ ನೋಡಿ, ಕೆನ್ನೆ ಸವರಿ, ಒಳಗೆ ಹೋದಳು.

ಆಮೇಲೆ ಆಯಿ ಯಾರ ಕೂಸಿಗೂ ತೇಯಲಿಲ್ಲ. ಬಂದವರಿಗೆಲ್ಲ ಕೈ ನಡುಗುತ್ತದೆ ಎಂದು ಹೇಳಿ ಕಳಿಸುತ್ತಿದ್ದಳು. ಅದೇ ಕೈಯಲ್ಲಿ ಅಬ್ಬಲಿಗೆಯ ದಂಡೆ ಕಟ್ಟುವುದನ್ನು ನಾನು ನೋಡಿದ್ದೇನೆ. ಒಂದು ಹೂವೂ ಅಲುಗುತ್ತಿರಲಿಲ್ಲ. ನನಗೆ ಮಗಳು ಹುಟ್ಟಿದಾಗ ಕಲ್ಲನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ತಂದಳು. "ನಿನ್ನತ್ರ ಇರ್ಲಿ. ನಂಗೆ ಅದರ ಮೋರೆ ನೋಡೂಕೆ ಆಗೂದಿಲ್ಲ..." ನನ್ನ ಸುಳ್ಳನ್ನು ಅವಳು ಒಂದು ದಿನವೂ ನಂಬಿರಲಿಲ್ಲ ಎಂದು ಆಗ ಗೊತ್ತಾಯಿತು. ಮಗಳಿಗೆ ಅದರಲ್ಲಿ ತೇಯುವ ಧೈರ್ಯ ನನಗೂ ಬರಲಿಲ್ಲ. ಎರಡು ವರ್ಷದ ಹಿಂದೆ ಆಯಿಯೂ ಹೋದಳು.

ಆ ಕಲ್ಲನ್ನೇ ಕಳೆದ ವಾರ ಲ್ಯಾಬಿಗೆ ಒಯ್ದದ್ದು. ನಮ್ಮ ಹೊಸ ಗುಳಿಗೆಯನ್ನು ಹಿಡಿದು, ಆಯಿ ಮಾಡುತ್ತಿದ್ದಂತೆಯೇ ತೇಯ್ದೆ. ಹತ್ತು ಸುತ್ತು, ಇಪ್ಪತ್ತು ಸುತ್ತು. ಪುಡಿ ಬಿಡಲಿಲ್ಲ, ನೀರಿಗೂ ಇಳಿಯಲಿಲ್ಲ. ಹಲಸಿನ ಮೇಣದ ಹಾಗೆ ಕಲ್ಲಿಗೂ ಬೆರಳಿಗೂ ಅಂಟಿಕೊಂಡು ಕೂತಿತು. ಪಟ್ಟಿಯ ಕೊನೆಯಲ್ಲಿ ನಾನೇ ಕೈಯಾರೆ 'ತೇಯುವ ಕಲ್ಲು' ಎಂದು ಸೇರಿಸಿ, ಎದುರಿಗೆ 'ಪಾಸ್' ಎಂದು ಬರೆದೆ. ಬರೆಯುವಾಗ ಅಳು ಬಂತು.

ಮನೆಗೆ ತಂದು ಕಲ್ಲನ್ನು ಬಿಸಿನೀರಿನಲ್ಲಿ ತಿಕ್ಕುತ್ತ ಕೂತೆ. ಅಂದು ಹಿತ್ತಲಲ್ಲಿ ನನಗೆ ಹೌದು, ಇಲ್ಲ ಎಂಬ ಎರಡೇ ಉತ್ತರ ಗೊತ್ತಿದ್ದವು.

"ಹೌದು ಆಯಿ, ತೇಯ್ದದ್ದಕ್ಕೇ," ಎಂದೆ, ಗಟ್ಟಿಯಾಗಿಯೇ. "ಆದ್ರೆ ತಪ್ಪು ನಿನ್ನ ಕೈದಲ್ಲ. ತೇಯೂಕೆ ಬಂದ ಆ ಗುಳಿಗೆದು. ಮತ್ತೆ, ಬಿಡಿಸಿ ಹೇಳದ ನಂದು."

ಹೇಳಲು ಬಂದಾಗ ಕೇಳುವವಳಿರಲಿಲ್ಲ. ಒದ್ದೆ ಕಲ್ಲಿನ ಬಜೆಯ ವಾಸನೆ ಅಡುಗೆಮನೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇತ್ತು...