ಮೊಲದ ಕಾಲಿನ ಹಸಿರು ನೂಲು

ನನ್ನಕ್ಕನದು ಕಡ್ಡಿ ಮುರಿದಂಥ ಮಾತು. ನಮ್ಮ ಲಾಂಡ್ರಿಗೆ ಬಂದವರು ‘ಈ ಕಲೆ ಹೋಗುತ್ತಾ?’ ಎಂದು ಕೇಳಿದರೆ ನಾನಾದರೆ ‘ನೋಡೋಣ ಬಿಡಿ’ ಎಂದು ಬಟ್ಟೆಯನ್ನು ಒಳಗೆಳೆದುಕೊಳ್ಳುತ್ತೇನೆ. ಅವಳು ‘ಹೋಗಲ್ಲ, ವಾಪಸ್ ತಗೊಂಡ್ಹೋಗಿ’ ಎಂದುಬಿಡುತ್ತಾಳೆ. ಹೀಗೆ ಅವಳು ಓಡಿಸಿದ ಗಿರಾಕಿಗಳನ್ನು ಬೀದಿಯ ತಿರುವಿನಿಂದ ಹಿಡಿದು ತರುವುದೇ ನನ್ನ ಅರ್ಧ ಕೆಲಸ. ಆದರೂ ಬೀದಿಯ ಮಕ್ಕಳಿಗೆಲ್ಲ ಅವಳೇ ಬೇಕು. ನಾನು ಪೆಪ್ಪರ್‌ಮಿಂಟು ಕೊಡುವ ಚಿಕ್ಕಮ್ಮ, ಅಷ್ಟೇ. ಹಲ್ಲು ಕೀಳಿಸುವಾಗ ನೋವಾಗುತ್ತದೆಯೇ, ಸತ್ತ ಬೆಕ್ಕಿನ ಮರಿ ಮತ್ತೆ ಬರುತ್ತದೆಯೇ ಎಂದು ಕೇಳಲು ದೊಡ್ಡಮ್ಮನ ಹತ್ತಿರವೇ ಹೋಗುತ್ತಾರೆ. ‘ನೋವಾಗುತ್ತೆ, ಸ್ವಲ್ಪ ಹೊತ್ತು’ ಎನ್ನುತ್ತಾಳೆ. ‘ಬರಲ್ಲ’ ಎನ್ನುತ್ತಾಳೆ. ಅತ್ತು ಹೋದ ಮಗುವೇ ಮರುದಿನ ಮತ್ತೆ ಅವಳ ಇಸ್ತ್ರಿ ಮೇಜಿನ ಪಕ್ಕ ಬಂದು ನಿಲ್ಲುತ್ತದೆ. ನನಗೆ ಹೊಟ್ಟೆಕಿಚ್ಚೇ ಎಂದು ಕೇಳಿದರೆ, ಹೌದು, ಹೊಟ್ಟೆಕಿಚ್ಚೇ.

ಇಂಥವಳ ಅಂಗಡಿಯಲ್ಲೇ ಬೀದಿಯ ಅತಿ ದೊಡ್ಡ ಸುಳ್ಳು ಬಚ್ಚಿಟ್ಟುಕೊಂಡಿತ್ತು. ನಮ್ಮ ಬೀದಿಯ ಮನೆಗಳು ಚಿಕ್ಕವು. ಮಂಚದ ಕೆಳಗೆ, ಬೀರುವಿನ ಮೇಲೆ, ಹಿಟ್ಟಿನ ಡಬ್ಬದ ಹಿಂದೆ, ಮಕ್ಕಳ ಕೈ ಹೋಗದ ಜಾಗವೇ ಇಲ್ಲ. ಹಾಗಾಗಿ ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಅಪ್ಪ ಅಮ್ಮಂದಿರು ಸಾಂಟಾನ ಹೆಸರಿನಲ್ಲಿ ಕೊಡಬೇಕಾದ ಉಡುಗೊರೆಗಳನ್ನು ಕೊಳೆಬಟ್ಟೆಯೊಳಗೆ ಸುತ್ತಿ ನಮ್ಮಲ್ಲಿ ತಂದಿಡುತ್ತಿದ್ದರು. ಕೊಳೆಬಟ್ಟೆಯ ಗಂಟಿಗೆ ಮೂಗು ತೂರಿಸುವ ಮಗು ಇನ್ನೂ ಹುಟ್ಟಬೇಕು. ಅಕ್ಕ ಅವಕ್ಕೆಲ್ಲ ಬಣ್ಣದ ಕಾಗದ ಸುತ್ತಿಡುತ್ತಿದ್ದಳು. ಹಬ್ಬದ ಹಿಂದಿನ ಸಂಜೆ ಅವರು ಇಸ್ತ್ರಿ ಬಟ್ಟೆಯ ಜೊತೆ ಒಯ್ಯುತ್ತಿದ್ದರು.

‘ಸುಳ್ಳು ಹೇಳಲ್ಲ ಅಂತೀಯಲ್ಲ, ಇದೇನು ಮತ್ತೆ?’ ಎಂದು ನಾನು ಕೆಣಕುತ್ತಿದ್ದೆ.

‘ನನ್ನನ್ನ ಯಾರೂ ಕೇಳಿಲ್ಲ. ಕೇಳದೆ ಇರೋವಾಗ ಸುಮ್ಮನಿರೋದು ಸುಳ್ಳಲ್ಲ.’

‘ಕೇಳಿದ್ರೆ?’

‘ಇಸ್ತ್ರಿ ತಣ್ಣಗಾಗ್ತಿದೆ. ಆ ಅಂಗಿ ಕೊಡು ಇಲ್ಲಿ.’

ಕೊನೆಗೆ ಕೇಳುವವಳು ಬಂದಳು. ಅದಕ್ಕೆ ಕಾರಣ ಅಕ್ಕನ ಕೈಯೇ. ಒಂದು ಮನೆಯ ಬಟ್ಟೆ ಇನ್ನೊಂದು ಮನೆಗೆ ಹೋಗದಿರಲೆಂದು ಅವಳು ಪ್ರತಿ ಮನೆಗೂ ಒಂದು ಬಣ್ಣದ ನೂಲು ಇಟ್ಟಿದ್ದಳು. ಕಾಲರಿನ ಒಳಗೋ ಸೊಂಟದ ಪಟ್ಟಿಗೋ ಒಂದು ಹೊಲಿಗೆ ಹಾಕಿ ಗಂಟು ಬಿಗಿಯುತ್ತಿದ್ದಳು. ಬಸ್ ಡ್ರೈವರನ ಮನೆಗೆ ಹಸಿರು ನೂಲು, ಜೋಡಿ ಗಂಟು. ಅಂಗಡಿಯ ಹೊಸ್ತಿಲು ದಾಟಿ ಬಂದ ಯಾವುದಕ್ಕೂ ಗುರುತು ಹಾಕದೆ ಅವಳ ಕೈ ಸುಮ್ಮನಿರದು. ಆ ವರ್ಷ ಎರಡು ಮನೆಯವರು ಒಂದೇ ಥರದ ಬಟ್ಟೆಯ ಮೊಲ ತಂದಿಟ್ಟರು. ಅದಲು ಬದಲಾದರೆ ಏನೂ ಮುಳುಗಿಹೋಗುತ್ತಿರಲಿಲ್ಲ, ಯಾವ ಮೊಲವಾದರೂ ಮೊಲವೇ. ಆದರೆ ಅಕ್ಕ ಕೇಳಬೇಕಲ್ಲ! ಡ್ರೈವರನ ಮೊಲದ ಹಿಂಗಾಲಿಗೆ ಹಸಿರು ನೂಲು ಹಾಕಿದಳು. ಬಿಚ್ಚಲು ಮರೆತು ಅದರ ಮೇಲೆಯೇ ಕಾಗದ ಸುತ್ತಿಬಿಟ್ಟಳು.

ಹಬ್ಬದ ಬೆಳಿಗ್ಗೆ ಅಂಗಡಿ ಮುಚ್ಚಿ ಒಳಕೋಣೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಬಾಗಿಲು ಬಡಿದ ಸದ್ದಾಯಿತು. ಡ್ರೈವರನ ಮಗಳು. ಎರಡನೇ ಕ್ಲಾಸು, ತಾಯಿಯಿಲ್ಲದ ಹುಡುಗಿ. ಕಂಕುಳಲ್ಲಿ ಮೊಲ. ಮೊಲದ ಕಾಲನ್ನು ಮೇಲೆತ್ತಿ ತೋರಿಸಿದಳು, ಆಮೇಲೆ ತನ್ನ ಲಂಗದ ಪಟ್ಟಿಯನ್ನು ಮಗುಚಿ ತೋರಿಸಿದಳು.

‘ದೊಡ್ಡಮ್ಮ, ಇದು ನಮ್ಮನೆ ಗುರುತು.’

ನನ್ನ ಬಾಯಿ ಎಂದಿನಂತೆ ಮುಂದೆ ಓಡಿತು. ‘ಅಯ್ಯೋ ಪುಟ್ಟಿ, ಸಾಂಟಾನ ಬಟ್ಟೆ ಒಗೆಯೋದೂ ನಾವೇ ಕಣೇ! ಅಷ್ಟು ದೊಡ್ಡ ಕೆಂಪು ಕೋಟು ಇನ್ಯಾರು ಒಗೀತಾರೆ? ಅದರ ಜೊತೆ ನೂಲು ಅಂಟ್ಕೊಂಡು ಹೋಗಿರುತ್ತೆ.’

ಅಷ್ಟು ಒಳ್ಳೆಯ ಸುಳ್ಳು ನನಗೆ ಹಿಂದೆಂದೂ ಹೊಳೆದಿರಲಿಲ್ಲ. ಹುಡುಗಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ‘ಹೌದಾ ದೊಡ್ಡಮ್ಮ?’ ಎಂದಳು.

ಅಕ್ಕನಿಗೆ ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಆ ಅಪ್ಪ ನಂಬಿ ಕೊಟ್ಟ ಗುಟ್ಟು ರಟ್ಟಾಗುತ್ತದೆ. ಈ ಒಂದು ಬೆಳಿಗ್ಗೆಗಾಗಿ ಅವನು ವರ್ಷವಿಡೀ ಕಾಯುವುದು ನಮಗೆ ಗೊತ್ತಿತ್ತು. ಸುಳ್ಳು ಹೇಳಿದರೆ ಹುಡುಗಿ ಇವತ್ತು ನಂಬುತ್ತಾಳೆ, ಆದರೆ ದೊಡ್ಡವಳಾಗಿ ತಿಳಿದುಕೊಂಡ ದಿನ ದೊಡ್ಡಮ್ಮನನ್ನು ಏನನ್ನೂ ಕೇಳದಂತಾಗುತ್ತಾಳೆ. ತಾಯಿಯಿಲ್ಲದ ಹುಡುಗಿಗೆ ಕೇಳಲು ಇನ್ಯಾರಿದ್ದರು?

ಅಕ್ಕ ಲೋಟ ಕೆಳಗಿಟ್ಟಳು. ‘ಇಲ್ಲ ಪುಟ್ಟಿ. ಆ ಗಂಟು ನಾನೇ ಹಾಕಿದ್ದು. ಮೊಲ ತಂದಿದ್ದು ನಿಮ್ಮಪ್ಪ.’

ನನಗೆ ಸಿಟ್ಟು ನೆತ್ತಿಗೇರಿತು. ಹಬ್ಬದ ದಿನವೇ ಹೇಳಬೇಕಿತ್ತೇ ಇವಳು?

‘ಹೋದ ವರ್ಷದ ಬಣ್ಣದ ಪೆಟ್ಟಿಗೆ?’

‘ಅಪ್ಪನೇ.’

‘ಅದಕ್ಕೂ ಮುಂಚಿನ ಡೋಲು?’

‘ಅಪ್ಪನೇ. ಆಮೇಲೆ ಅದರ ಸದ್ದಿಗೆ ಕಿವಿ ಮುಚ್ಕೊಂಡು ಓಡಾಡಿದ್ದೂ ಅಪ್ಪನೇ.’

ಹುಡುಗಿ ನಗಲಿಲ್ಲ. ಸಾಂಟಾ ಇಲ್ಲವೆಂದು ಅಳುತ್ತಾಳೆ ಎಂದುಕೊಂಡೆ. ಅವಳ ಚಿಂತೆಯೇ ಬೇರೆಯಿತ್ತು.

‘ಬೆಳಿಗ್ಗೆ ನಾನು ಅಪ್ಪಂಗೆ ಹೇಳ್ಬಿಟ್ಟೆ,’ ಎಂದಳು. ‘ನೀನು ಏನ್ ಕೇಳಿದ್ರೂ ಆಮೇಲೆ ನೋಡೋಣ ಅಂತೀಯ, ಸಾಂಟಾ ಹಾಗಲ್ಲ, ಅವನು ನಿನಗಿಂತ ಒಳ್ಳೆಯವನು ಅಂತ.’

‘ಅಪ್ಪ ಏನಂದ?’

‘ಹೌದಮ್ಮ, ಅವನು ತುಂಬ ಒಳ್ಳೆಯವನು ಅಂದ. ನಗ್ತಾ ಇದ್ದ.’ ಅಷ್ಟು ಹೇಳಿ ಮೊಲದ ಹೊಟ್ಟೆಗೆ ಮುಖ ಒತ್ತಿಕೊಂಡು ಬಿಕ್ಕಿದಳು. ಅಕ್ಕ ಅವಳ ಬೆನ್ನಿನ ಮೇಲೆ ಕೈ ಇಟ್ಟು ಕೂತಳು. ಮಾತಿನ ಮಲ್ಲಿ ಎಂದು ಹೆಸರು ಪಡೆದ ನಾನು ಪೆಪ್ಪರ್‌ಮಿಂಟಿನ ಡಬ್ಬ ಹುಡುಕಿದೆ.

ಬಹಳ ಹೊತ್ತಿನ ಮೇಲೆ ಹುಡುಗಿ ಮೂಗು ಒರೆಸಿಕೊಂಡಳು. ‘ನಂಗೆ ಗೊತ್ತಾಯ್ತು ಅಂತ ಗೊತ್ತಾದ್ರೆ ಅಪ್ಪಂಗೆ ಬೇಜಾರಾಗುತ್ತಾ?’

‘ಆಗುತ್ತೆ.’

‘ತುಂಬಾನಾ?’

‘ತುಂಬಾನೇ.’

‘ಹಾಗಾದ್ರೆ ಈ ನೂಲನ್ನ ಕತ್ತರಿಸಿಬಿಡಿ,’ ಎಂದು ಮೊಲದ ಕಾಲನ್ನು ಮುಂದೆ ಚಾಚಿದಳು. ‘ಅಪ್ಪಂಗೆ ಹೇಳ್ಬೇಡಿ.’

ಮರುದಿನ ಅಂಗಡಿ ತೆರೆಯುತ್ತಿದ್ದಂತೆ ಡ್ರೈವರ್ ಕೆಲಸದ ಅಂಗಿ ಒಯ್ಯಲು ಬಂದ. ಅಂಗಿ ಕೇಳುವ ಮೊದಲೇ ಶುರುವಾಯಿತು ಅವನ ಮಾತು.

‘ಅಕ್ಕ, ನಿನ್ನೆ ನೋಡ್ಬೇಕಿತ್ತು ನೀವು! ಹೊರಗೆ ಹೋಗಿದ್ದವಳು ಓಡಿ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಸಾಂಟಾ ಸಿಕ್ಕಿದ್ರೆ ಹೇಳಪ್ಪ, ಅವನು ಅಂದ್ರೆ ನಂಗೆ ಪ್ರಾಣ ಅಂತ, ಅಂದ್ಲು. ಬಿಡಿಸ್ಕೊಳ್ಳೋಕೆ ಹೋದ್ರೂ ಬಿಡ್ಲಿಲ್ಲ.’ ಅವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿಯೇ ಇರಲಿಲ್ಲ. ‘ಶಾಲೇಲಿ ದೊಡ್ಡ ಮಕ್ಕಳು ಬಾಯಿ ಬಿಟ್ಟಿರ್ತಾರೇನೋ ಅಂತ ಭಯ ಇತ್ತು. ನೀವು ಹೇಳಿ ಅಕ್ಕ, ನೀವಾದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀರಿ. ಅವಳು ಇನ್ನೂ ನಂಬ್ತಾಳೆ ತಾನೇ?’

ನಾನು ಬಾಯಿ ತೆರೆಯಲಿದ್ದೆ. ಅಕ್ಕ ಕೈಯೆತ್ತಿ ತಡೆದಳು. ಅವನ ಅಂಗಿಯನ್ನು ಮೇಜಿನ ಮೇಲಿಟ್ಟು, ಅವನ ಕಣ್ಣನ್ನೇ ನೋಡಿದಳು.

‘ನಂಬ್ತಾಳೆ,’ ಎಂದಳು. ‘ಅನುಮಾನಾನೇ ಬೇಡ.’

ಅವನು ಸಿಳ್ಳೆ ಹಾಕುತ್ತ ಹೋದ. ನಾನು ಅವಳನ್ನು ಕೆಣಕಲಿಲ್ಲ. ಅಷ್ಟು ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.