ಬೆಡ್‌ಶೀಟಿನ ಇನ್ನೊಂದು ತುದಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವುದು ಒಬ್ಬರ ಕೆಲಸವಲ್ಲ. ಇಬ್ಬರು ಎದುರುಬದುರು ನಿಂತು ನಾಲ್ಕು ಮೂಲೆ ಹಿಡಿದು, ಒಮ್ಮೆ ಜಗ್ಗಿ ಸುಕ್ಕು ಬಿಡಿಸಿ, ನಡೆದು ಬಂದು ಮೂಲೆಗಳನ್ನು ಕೂಡಿಸಬೇಕು. ಯಾರಿಗೆ ಯಾರು ಜೋಡಿ ಎಂದು ಅಲ್ಲಿ ಗೊತ್ತು ಮಾಡುವುದಿಲ್ಲ. ಒಬ್ಬರು ಶೀಟ್ ಎತ್ತಿಕೊಂಡರೆ ಹತ್ತಿರವಿದ್ದವರು ತಾವಾಗಿ ಇನ್ನೊಂದು ತುದಿಗೆ ಕೈ ಹಾಕುತ್ತಾರೆ. ಕರೆಯುವ ರೂಢಿಯೇ ಇಲ್ಲ. ನಮ್ಮ ಚಿಕ್ಕಮ್ಮ ಶೀಟ್ ಎತ್ತಿದರೆ ಮಾತ್ರ ಯಾರೂ ಬರುತ್ತಿರಲಿಲ್ಲ.

ಕಾರಣ ದೊಡ್ಡಕ್ಕನ ಬೆರಳು. ದೊಡ್ಡಕ್ಕ ಎಂದರೆ ಲಾಂಡ್ರಿಯ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು. ವಾರ್ಡಿನಿಂದ ಬಂದ ಕೊಳೆ ಬಟ್ಟೆಯನ್ನು ದಪ್ಪ ಗ್ಲೌಸ್ ಹಾಕಿಕೊಂಡು ಒಂದೊಂದಾಗಿ ಕೊಡವಿ ಯಂತ್ರಕ್ಕೆ ಹಾಕಬೇಕೆಂಬುದು ನಿಯಮ. ಕೊಡವದೆ ತುರುಕಿದರೆ ಕೆಲಸ ಬೇಗ ಮುಗಿದು, ಮೂಟೆಗಳ ಮೇಲೆ ಕುಳಿತು ಹರಟಲು ಸಮಯ ಸಿಗುತ್ತಿತ್ತು. ಹಾಗೆ ಬರಿಗೈಯಲ್ಲಿ ತುರುಕುತ್ತಿದ್ದಾಗಲೇ ಒಂದು ದಿನ, ಬಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಇಂಜೆಕ್ಷನ್ ಸೂಜಿ ದೊಡ್ಡಕ್ಕನ ಬೆರಳಿಗೆ ಚುಚ್ಚಿತು.

“ಡಾಕ್ಟರಿಗೆ ತೋರಿಸು ದೊಡ್ಡಕ್ಕ. ಯಾವ ರೋಗಿದೋ ಏನೋ,” ಎಂದಳು ಚಿಕ್ಕಮ್ಮ.

“ಸುಮ್ನಿರೇ. ಸೂಜಿಗೆ ಹೆದರೋಳಾಗಿದ್ರೆ ಮಕ್ಕಳ ಅಂಗಿಗೆ ಗುಂಡಿ ಹಾಕ್ತಿದ್ನಾ?” ದೊಡ್ಡಕ್ಕ ನಕ್ಕು ಬೆರಳಿಗೆ ಚಿಂದಿ ಸುತ್ತಿಕೊಂಡಳು.

ಚಿಕ್ಕಮ್ಮನಿಗೆ ಜೀವ ತಡೆಯಲಿಲ್ಲ. ಸೂಪರ್‌ವೈಸರ್‌ಗೆ ಹೇಳಿಬಿಟ್ಟಳು. ಆತ ದೊಡ್ಡಕ್ಕನನ್ನು ರಕ್ತಪರೀಕ್ಷೆಗೆ ಕಳಿಸಿದ. ಆದರೆ ಕಳಿಸುವ ಮೊದಲು, ಎಲ್ಲರೆದುರು, ಎಳೆ ಹುಡುಗಿಗೆ ಬೈದಂತೆ ಬೈದ. ಅಂದಿನಿಂದ ಬಟ್ಟೆ ಕೊಡವುವಾಗ ತಾನೇ ಎದುರು ನಿಲ್ಲತೊಡಗಿದ. ಹರಟೆಯ ಸಮಯವೂ ಹೋಯಿತು. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂತು. ಏನಾದರೂ ಇದ್ದಿದ್ದರೆ ಚಿಕ್ಕಮ್ಮನನ್ನು ಹೊಗಳುತ್ತಿದ್ದರೇನೋ. ಇಲ್ಲವಾದ್ದರಿಂದ ಅವಳು ಚಾಡಿ ಹೇಳುವವಳಾದಳು.

ಅವಳು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಜೊತೆಯವಳೊಬ್ಬಳಿಗೆ ಹೆರಿಗೆಯಾಗಿ, ಎಲ್ಲರೂ ಒಟ್ಟಾಗಿ ಹೋಗಿ ಮಗುವನ್ನು ನೋಡಿ ಬಂದದ್ದು ಅವಳಿಗೆ ತಿಳಿದದ್ದು ಮರುದಿನ, ಕೂಸಿನ ಮೂಗು ಯಾರ ಹಾಗಿದೆ ಎಂದು ಅವರು ಜಗಳವಾಡುತ್ತಿದ್ದಾಗ.

“ಸ್ವಲ್ಪ ಮೆಲ್ಲಗೆ ಮಾತಾಡ್ರೇ,” ಎಂದಳು ಅವರಲ್ಲೊಬ್ಬಳು. “ಮಗು ಮೂಗಿನ ಸುದ್ದೀನೂ ಆಫೀಸಿಗೆ ಮುಟ್ಟೀತು.”

ಚಿಕ್ಕಮ್ಮ ಶೀಟಿನ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಒಬ್ಬಳೇ ಮಡಚುವುದನ್ನು ಕಲಿತಳು. ಸರಳು ಜಗ್ಗುವುದಿಲ್ಲ, ಎದುರು ನಡೆದೂ ಬರುವುದಿಲ್ಲ. ಎರಡೂ ಕಡೆಗೆ ಅವಳೇ ಓಡಾಡಬೇಕು. ಉಳಿದವರ ರಾಶಿ ಎದೆಮಟ್ಟ ಬಂದರೆ ಅವಳದು ಮೊಣಕಾಲು ದಾಟುತ್ತಿರಲಿಲ್ಲ.

“ಬಿಟ್ಟು ಬಾ, ಹಾಳಾಗಿ ಹೋಗ್ಲಿ,” ಎಂದ ಚಿಕ್ಕಪ್ಪ, ಒಂದು ರಾತ್ರಿ ಊಟಕ್ಕೆ ಕೂತಾಗ. ಬೆನ್ನುನೋವಿನಿಂದ ಅವನು ಮನೆ ಹಿಡಿದ ಮೇಲೆ ಸಂಸಾರ ನಡೆಯುತ್ತಿದ್ದದ್ದೇ ಅವಳ ದುಡಿಮೆಯಿಂದ.

“ಬಿಟ್ಟು ಬಂದು ನಿಮ್ಮ ಮುಖ ನೋಡ್ತಾ ಕೂತ್ಕೊಳ್ಳಲಾ?”

“ನೋಡೋ ಹಾಗೇ ಇದೆ ಬಿಡು.”

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಅಂದು ಅರ್ಧಕ್ಕೇ ತಟ್ಟೆ ಎತ್ತಿಕೊಂಡು ಎದ್ದು ಹೋದಳು.

ಕೊನೆಗೆ ವಾರ್ಡಿನವರು ಶೀಟ್ ಸಾಲದೆ ಗಲಾಟೆ ಮಾಡಿದರು. ಸೂಪರ್‌ವೈಸರ್ ನೇರ ಕಿಟಕಿಯ ಹತ್ತಿರ ಬಂದ.

“ಏನಮ್ಮಾ ಇದು? ಕಿಟಕಿ ನಿನ್ನ ಜೋಡಿನಾ?”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

“ತುದಿ ಹಿಡಿಯಲ್ಲ ಅಂದೋರು ಯಾರು? ಹೆಸರು ಹೇಳು, ಅವಳನ್ನ ಇವತ್ತೇ ಮನೆಗೆ ಕಳಿಸ್ತೀನಿ. ಹೇಳಲ್ಲ ಅಂದ್ರೆ ಕೆಲಸ ಮುಗಿಸೋಕಾಗದೋಳು ನೀನು. ನೀನೇ ಹೋಗು.”

ಹೆಂಗಸರು ಶೀಟುಗಳನ್ನು ಎದೆಗೊತ್ತಿಕೊಂಡು ನೆಲ ನೋಡುತ್ತ ನಿಂತರು. ದೊಡ್ಡಕ್ಕ ಮಾತ್ರ ಚಿಕ್ಕಮ್ಮನನ್ನೇ ದಿಟ್ಟಿಸುತ್ತಿದ್ದಳು, ಹೇಳು ನೋಡೋಣ ಎಂಬಂತೆ. ಹೇಳಿದರೆ ಕೆಲಸ ಉಳಿಯುತ್ತಿತ್ತು. ಇವರೆಲ್ಲ ತನ್ನ ಬಗ್ಗೆ ಆಡಿಕೊಂಡದ್ದೂ ನಿಜವಾಗುತ್ತಿತ್ತು.

“ಯಾರೂ ಹಾಗಂದಿಲ್ಲ ಸಾರ್,” ಎಂದಳು ಚಿಕ್ಕಮ್ಮ. “ನಾನೇ ಯಾರನ್ನೂ ಕರೆದಿಲ್ಲ.”

“ಹಾಗಾದ್ರೆ ಈಗ ಕರಿ. ನಾನೂ ನೋಡ್ತೀನಿ.”

ಚಿಕ್ಕಮ್ಮ ಸರಳಿನ ಗಂಟು ಬಿಚ್ಚಿದಳು. ಮೆದು ಸ್ವಭಾವದವರು ಇಬ್ಬರು ಮೂವರಿದ್ದರು, ಕರೆದರೆ ಬಂದಾರು ಎನಿಸಿತು. ಆದರೆ ಅವರೂ ಮೊದಲು ದೊಡ್ಡಕ್ಕನ ಮುಖ ನೋಡುವವರೇ.

“ದೊಡ್ಡಕ್ಕ, ಈ ತುದಿ ಹಿಡೀತೀಯಾ?”

ದೊಡ್ಡಕ್ಕ ಕದಲಲಿಲ್ಲ. ಸೂಪರ್‌ವೈಸರ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ತನ್ನ ಕೈಯಲ್ಲಿದ್ದುದನ್ನು ಪಕ್ಕದವಳ ಹೆಗಲಿಗೆ ಎಸೆದು, ದಡದಡ ಬಂದು ಎರಡು ಮೂಲೆ ಕಿತ್ತುಕೊಂಡು, ಚಿಕ್ಕಮ್ಮ ಮುಗ್ಗರಿಸುವಷ್ಟು ಜೋರಾಗಿ ಜಗ್ಗಿದಳು. ಅದನ್ನು ನೋಡಿ ಆತ ಹೊರಟುಹೋದ.

ಮೂಲೆ ಕೂಡಿಸಲು ಹತ್ತಿರ ಬಂದಾಗ ದೊಡ್ಡಕ್ಕ ಹಲ್ಲು ಕಚ್ಚಿಕೊಂಡೇ ಅಂದಳು: “ಅವತ್ತು ಅವನ ಹತ್ರ ಹೋಗೋ ಮುಂಚೆ ನಂಗೊಂದು ಮಾತು ಹೇಳಬಹುದಿತ್ತು.”

“ಹೇಳಿದ್ದೆ. ನೀನು ನಕ್ಕುಬಿಟ್ಟೆ.”

“ನಗದೆ ಇನ್ನೇನು ಮಾಡ್ಲೇ? ಕೈಕಾಲು ನಡುಗ್ತಿತ್ತು ನಂಗೆ.”

ಚಿಕ್ಕಮ್ಮ ಮಡಚಿದ ಶೀಟನ್ನು ರಾಶಿಯ ಮೇಲಿಟ್ಟಳು.

“ಮಾತಾಡಿಸ್ತಿದೀನಿ ಅಂತ ತಿಳ್ಕೋಬೇಡ ಮತ್ತೆ. ಇನ್ನೊಂದು ತೆಗಿ.”

ಸಂಜೆಯವರೆಗೂ ಇಬ್ಬರೂ ಒಟ್ಟಿಗೆ ಮಡಚಿದರು. ಉಳಿದವರು ಹೋಗುವಾಗ ಚಿಕ್ಕಮ್ಮನಿಗಾಗಿ ಕಾಯಲಿಲ್ಲ. ದೊಡ್ಡಕ್ಕನೂ ತಿರುಗಿ ನೋಡಲಿಲ್ಲ.

“ಏನಂತೆ? ಸೇರಿಸ್ಕೊಂಡ್ರಾ?” ಎಂದು ಚಿಕ್ಕಪ್ಪ ಬಾಗಿಲಲ್ಲೇ ಕೇಳಿದ.

“ಎಲ್ಲಿ ಬಂತು!” ಚಿಕ್ಕಮ್ಮ ಭುಜ ಒತ್ತಿಕೊಳ್ಳುತ್ತ ಕುಳಿತಳು. “ಜಗ್ಗಿ ಜಗ್ಗಿ ಸಾಯಿಸಿದಾಳೆ ಮಹಾತಾಯಿ.”

“ಮತ್ತೆ ನಾಳೆ?”

“ನಾಳೆನೂ ಅವಳನ್ನೇ ಕರೀತೀನಿ. ಬರಲ್ಲ ಅನ್ನೋದಾದ್ರೆ ನನ್ನ ಮುಖ ನೋಡಿ ಹೇಳಲಿ.”